ಹದಿನಾರೋ, ಇಪ್ಪತ್ತನಾಲ್ಕೋ

ದೋಸೆ ಹಿಟ್ಟಿಗೆ ಉಪ್ಪು ಹಾಕಿದೆ. ತುಳಸಿಗೆ ನೀರು ಹೊಯ್ದೆ. ಯಜಮಾನರ ಕನ್ನಡಕವನ್ನು ಫ್ರಿಜ್ಜಿನ ಮೇಲಿಂದ ಹುಡುಕಿ ಕೊಟ್ಟೆ. ಶಾಲೆ ಮಕ್ಕಳ ನೋಟ್‌ಬುಕ್ ತಿದ್ದಲೆಂದು ತೆಗೆದು, ಹಾಗೇ ಮುಚ್ಚಿಟ್ಟೆ. ಕ್ಯಾಮೆರಾದ ಎರಡು ಲೆನ್ಸುಗಳ ಗಾಜು ಒರೆಸಿದೆ. ಈ ಭಾನುವಾರ ಬೆಳಗಿನ ಐದೂವರೆಯೊಳಗೆ ಮುಗಿಸಿದ ಕೆಲಸಗಳಿವು. ಮೊದಲ ನಾಲ್ಕನ್ನು ಏಕೆ ಮಾಡಿದೆನೆಂದು ಯಾರು ಕೇಳಿದರೂ ಹೇಳಬಲ್ಲೆ. ಐದನೆಯದರ ವಿಷಯದಲ್ಲಿ ಮಾತ್ರ ನನಗೇ ಗೊಂದಲ.

ಐವತ್ತರ ಹತ್ತಿರ ಬಂದ ಮೇಲೆ ನನಗೆ ಹೊಳೆ, ಗುಡ್ಡಗಳ ಫೋಟೋ ತೆಗೆಯುವ ಹುಚ್ಚು ಹತ್ತಿತು. ಅದಕ್ಕೆ ವೈಡ್ ಲೆನ್ಸ್ ಬೇಕಂತೆ. ಹೊನ್ನಾವರದ ಸ್ಟುಡಿಯೋದವರು ಹದಿನಾರು ಎಂಎಂನದ್ದೊಂದು, ಇಪ್ಪತ್ತನಾಲ್ಕರದ್ದೊಂದು ಕೈಗಿತ್ತು, "ಎರಡೂ ಒಯ್ದು ನೋಡಿ ಅಕ್ಕಾ. ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೆ, ಯಾವ್ದು ಇಟ್ಕಂತ್ರಿ ಹೇಳಿ" ಎಂದಿದ್ದರು. ಬಳೆ, ಚಪ್ಪಲಿ, ಕುಕ್ಕರ್, ಎಲ್ಲದರಲ್ಲೂ ಅಂಕಿ ದೊಡ್ಡದಾದಷ್ಟು ಜಾಗ ಹೆಚ್ಚು. ಲೆನ್ಸಿನಲ್ಲಿ ಅಂಕಿ ಚಿಕ್ಕದಾದಷ್ಟು ಜಗತ್ತು ಹೆಚ್ಚು ಹಿಡಿಸುತ್ತದೆ. ಇದನ್ನು ಮೂರು ಸಲ ಬರೆದಿಟ್ಟುಕೊಂಡು ನಾಲ್ಕು ಸಲ ಮರೆತೆ.

ಆದರೆ ಈ ಸಲದ ಫೋಟೋ ತಪ್ಪುವಂತಿರಲಿಲ್ಲ. ಅಘನಾಶಿನಿಯ ನಾಗಮ್ಮ ಇಪ್ಪತ್ತು ವರ್ಷದಿಂದ ಕುಮಟೆಯ ನಮ್ಮ ಮನೆಗೆ ಬಳಚು, ಅಂದರೆ ಚಿಪ್ಪುಮೀನು, ತಂದುಕೊಡುವವಳು. ಹೊಳೆಯ ಕೆಸರಿನಲ್ಲಿ ಕೈಯಾಡಿಸಿ ಆ ಚಿಪ್ಪು ಹೆಕ್ಕಿ ಹೆಕ್ಕಿ ಅವಳ ಮಂಡಿ ಸೋತಿದೆ. ನಾಳೆ ಭಟ್ಕಳದ ಮಗಳ ಮನೆಗೆ ಹೊರಟಿದ್ದಾಳೆ, ಇನ್ನು ಹೊಳೆಗಿಳಿಯುವುದಿಲ್ಲ. "ಅಕ್ಕೋರೇ, ಒಂದು ಫೋಟ ತೆಗೀರಿ. ಹೊಳೆ ಪೂರ್ತಿ ಬರ್ಬೇಕು, ನಾನೂ ಕಾಣ್ಬೇಕು. ಮಗಳ ಮನೆ ಗೋಡೆಗೆ ಹಾಕ್ತೆ" ಎಂದಿದ್ದಳು. ಕೇಳಲು ಸುಲಭ.

ಸೂರ್ಯೋದಯದ ಬೆಳಕೇ ಶ್ರೇಷ್ಠವೆಂದು ಯೂಟ್ಯೂಬಿನಲ್ಲಿ ಕೇಳಿ, ಯಜಮಾನರ ಸ್ಕೂಟರಿನ ಹಿಂದೆ ಕೂತು ಆರಕ್ಕೇ ದಡ ತಲುಪಿದೆ. ಸಮುದ್ರದ ಉಬ್ಬರಕ್ಕೆ ಹೊಳೆ ತುಂಬಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ನಾಗಮ್ಮ ಬಂದದ್ದು ಒಂಬತ್ತಕ್ಕೆ. "ಇವತ್ತು ಸಪ್ತಮಿ ಅಲ್ದಾ? ನೀರು ಇಳೀಲಿಕ್ಕೆ ಇಷ್ಟೊತ್ತು ಬೇಕು. ಶಾಲೆಲಿ ಇದೆಲ್ಲ ಕಲಿಸೂದಿಲ್ವಾ?" ಎಂದು ನಕ್ಕಳು. ಅಷ್ಟರಲ್ಲಿ ಚಿನ್ನದ ಬೆಳಕು ಮುಗಿದು, ಬಟ್ಟೆ ಒಣಗಿಸುವ ಬೆಳಕು ಬಂದಿತ್ತು.

ಅವಳು ಕೆಸರಿಗಿಳಿದು ದೂರ ಹೋದಳು. ನಾನು ದಡದಲ್ಲಿ ನಿಂತು ಹದಿನಾರು ಹಾಕಿದೆ. ಹೊಳೆ, ಗುಡ್ಡ, ಆಕಾಶ, ಯಜಮಾನರ ಸ್ಕೂಟರಿನ ಕನ್ನಡಿ, ಎಲ್ಲ ಬಂತು. ನಾಗಮ್ಮ ಮಾತ್ರ ಸಾಸಿವೆ ಕಾಳು. ಇಪ್ಪತ್ತನಾಲ್ಕು ಹಾಕಿದೆ. ಅರ್ಧ ಗುಡ್ಡ ಹೋಯಿತು, ನಾಗಮ್ಮ ಉದ್ದಿನ ಕಾಳಾದಳು. ಮತ್ತೆ ಹದಿನಾರು, ಮತ್ತೆ ಇಪ್ಪತ್ತನಾಲ್ಕು. ಯಜಮಾನರು, "ಎಂತಾ ಮಾಡ್ತೆ ಮಾರಾಯ್ತಿ, ನೀರು ತಿರುಗ್ತದೆ" ಎಂದರು.

"ಅಲ್ಲೇ ನಿಂತ್ಕಂಡು ಎಂತ ಮಾಡ್ತ್ರಿ ಅಕ್ಕೋರೇ? ಹತ್ರ ಬನ್ನಿ!" ನಾಗಮ್ಮ ಕೂಗಿದಳು.

ಸೀರೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲವರೆಗೆ ಕೆಸರು. ಅವಳು ಒಂದು ಹಿಡಿ ಬಳಚನ್ನು ನನ್ನ ಮೂಗಿನ ಹತ್ತಿರಕ್ಕೇ ಚಾಚಿದಳು. ಜಾರಿ ಬೀಳುವ ಹೆದರಿಕೆಯಲ್ಲಿ ಗುಂಡಿ ಒತ್ತಿಬಿಟ್ಟೆ. ನೋಡಿದರೆ ನಾಗಮ್ಮನಿದ್ದಾಳೆ, ಬೆನ್ನ ಹಿಂದೆ ಹೊಳೆ ಪೂರ್ತಿ ಇದೆ. ಆದರೆ ಮುಂದಿದ್ದ ಕೈ ಮಾತ್ರ ಮುಖಕ್ಕಿಂತ ದೊಡ್ಡದು!

"ಇನ್ನೊಂದು ತೆಗೀತೆ, ಕೈ ಬುಟ್ಟಿಯಷ್ಟಾಗಿದೆ" ಎಂದೆ.

ನಾಗಮ್ಮ ಬಗ್ಗಿ ಕ್ಯಾಮೆರಾದ ಪರದೆ ನೋಡಿದಳು. "ಬ್ಯಾಡ. ಇಷ್ಟು ವರ್ಷ ದುಡಿದದ್ದು ಅದೇ ಅಲ್ದಾ? ಅದೇ ದೊಡ್ಡ ಕಾಣ್ಲಿ. ಆತು, ಇದೇ ಸಾಕು."

ಮನೆಗೆ ಬಂದು ಕಾಲು ತೊಳೆಯುವಾಗ ಯಜಮಾನರು ಕೇಳಿದರು, "ಹಂಗಾರೆ ಯಾವ ಲೆನ್ಸ್ ಇಟ್ಕಂತೆ?"

"ಆ ಫೋಟೋ ತೆಗೆದದ್ದನ್ನು."

"ಅದ್ಯಾವ್ದು?"

ದಡದಲ್ಲೇ ಲೆನ್ಸ್ ಕಳಚಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದ್ದೆ. ಅಷ್ಟು ಸಲ ಬದಲಿಸಿದವಳಿಗೆ ಕೊನೆಗೆ ಯಾವುದಿತ್ತೆಂದು ನೆನಪಿರಲಿಲ್ಲ. ಕ್ಯಾಮೆರಾಕ್ಕೆ ನೆನಪಿರುತ್ತದಂತೆ. ಕೇಳೋಣವೆಂದು ಏನನ್ನೋ ಒತ್ತಿದೆ. ಅದು ನಾನರಿಯದ ಯಾವುದೋ ಭಾಷೆಗೆ ತಿರುಗಿ, ಅಲ್ಲೇ ನಿಂತಿತು.

ಮಧ್ಯಾಹ್ನ ಊಟಕ್ಕೆ ನಾಗಮ್ಮ ಕೊಟ್ಟ ಬಳಚಿನ ಸುಕ್ಕ, ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ನಾಲ್ಕರ ಫೋನಿಗೆ ಏನು ಹೇಳುವುದೆಂದು ಯೋಚಿಸುತ್ತ ಚಾಪೆಯ ಮೇಲೆ ಒರಗಿದೆ. ಮೊದಲು ನಿದ್ದೆ ಹೋದವಳು ನಾನೇ, ಆಮೇಲೆ ಯಜಮಾನರು. ಮುಚ್ಚಳ ಹಾಕಲು ಮರೆತಿದ್ದೆನಲ್ಲ, ಮೇಜಿನ ಮೇಲಿನ ಲೆನ್ಸುಗಳೆರಡೂ ಕಣ್ಣು ಬಿಟ್ಟುಕೊಂಡೇ ಇದ್ದವು.