ಮಹಾದೇವಿಯವರ ಮೂರು ಉದ್ಘಾಟನೆ

ಮಹಾದೇವಿ ಹೆಣೆಯುತ್ತಿದ್ದ ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಮುನಿಯಪ್ಪನವರ ಕೆಮ್ಮು ಕೇಳಿಸಿತು. ದೊಡ್ಡನೆಕ್ಕುಂದಿಯ ಈ ಹಿರಿಯರು ಕರೆಗಂಟೆ ಒತ್ತುವವರಲ್ಲ. ಬಾಗಿಲು ತೆರೆಯುವವರೆಗೂ ಕೆಮ್ಮುವವರು.

"ಮೇಡಂ, ಬೋರ್‌ವೆಲ್ ಪೂಜೆಗೆ ಒತ್ತಾಯ್ತು. ಅಂಗೇ ಬಂದ್ಬುಡಿ."

ಅಂದು ಭಾನುವಾರ, ಸ್ಫೂರ್ತಿಗೆ ಹತ್ತು ವರ್ಷ ತುಂಬುವ ದಿನ. ಇಡೀ ದಿನ ಜೊತೆಗಿರುತ್ತೇನೆಂದು ಮಹಾದೇವಿ ಮಾತು ಕೊಟ್ಟಿದ್ದರು. ಹಾಗಾಗಿ ಒಂದು ಜಡೆ ಬಿಗಿ, ಇನ್ನೊಂದು ಸಡಿಲವಾಗಿದ್ದ ಮಗಳನ್ನೂ ಕಾರಿಗೆ ಹತ್ತಿಸಿಕೊಂಡರು.

ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವರ ಕೈಗೆ ಬಂದದ್ದು ಪಂಪಿನ ಸ್ವಿಚ್ ತಯಾರಿಸುವ ಒಂದು ತಗಡಿನ ಷೆಡ್ಡು, ಮೂವರು ಕೆಲಸಗಾರರು. ಈಗ ಅಲ್ಲಿ ಎಂಬತ್ತು ಹೆಂಗಸರು ದುಡಿಯುತ್ತಿದ್ದರು. ಅವರೇ ಮನೆಮನೆ ತಿರುಗಿ ತೊಂಬತ್ನಾಲ್ಕರ ಚುನಾವಣೆಯಲ್ಲಿ ಇವರನ್ನು ಶಾಸಕಿ ಮಾಡಿದ್ದರು. ಆಮೇಲೆ ಉದ್ಘಾಟನೆಗೆ ಕರೆಯದ ಸಂಘವಿಲ್ಲ. ಆದರೆ ಕಲ್ಲಿನಲ್ಲಿ ಇವರ ಹೆಸರು ಕೆತ್ತಿಸಿದ ಜನವೇ ದೀಪ ಹಚ್ಚುವ ಹೊತ್ತಿಗೆ ಏನಾದರೊಂದು ನೆಪ ತೆಗೆಯುತ್ತಿದ್ದರು. ಗಂಡನಿಲ್ಲದವರ ಕೈಯಿಂದ ಶುಭಕಾರ್ಯ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಇವತ್ತು ಮಗಳ ಕಣ್ಣೆದುರಿಗೆ ಒಂದು ದೀಪವನ್ನಾದರೂ ಹಚ್ಚಿಯೇ ತೀರಬೇಕೆಂದು ಮಹಾದೇವಿ ಕಾರಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡರು.

"ಬಿಸ್ಲು ಮೇಡಂ, ನೆರಳಾಗೆ ಕುಂತ್ಕಳಿ" ಎಂದು ಬೋರ್‌ವೆಲ್ ಬಳಿ ಇಳಿದ ಕೂಡಲೇ ಚಿಕ್ಕಮುನಿಯಪ್ಪ ಕುರ್ಚಿ ಹಾಕಿಸಿದರು. ಕುರ್ಚಿ ಎಷ್ಟು ದೂರವಿತ್ತೆಂದರೆ ಅದು ಪಕ್ಕದ ಕ್ಷೇತ್ರಕ್ಕೇ ಸೇರಿದಂತಿತ್ತು. ಅವರ ಹೆಂಡತಿ ಅಂಜನಮ್ಮ ಪಂಪಿನ ಸ್ವಿಚ್ಚಿಗೆ ಕುಂಕುಮವಿಟ್ಟು ಒತ್ತಿದರು. ಅದು ಮಹಾದೇವಿಯವರ ಕಾರ್ಖಾನೆಯದೇ ಸ್ವಿಚ್ಚು. ನೀರು ಚಿಮ್ಮಿತು, ಇವರು ನೆರಳಿನಿಂದ ಚಪ್ಪಾಳೆ ತಟ್ಟಿದರು.

ಬ್ರೂಕ್‌ಫೀಲ್ಡಿನ ವಾಚನಾಲಯ ತಲುಪಿದಾಗ ದೀಪ ಆಗಲೇ ಉರಿಯುತ್ತಿತ್ತು. ರಾಹುಕಾಲ ಬಂದುಬಿಡುತ್ತದೆಂದು ಅವಸರ ಮಾಡಿದೆವೆಂದು ಕಾರ್ಯದರ್ಶಿ ಕೈ ಹೊಸೆದರು. ಗೋಡೆಯ ಗಡಿಯಾರದ ಪ್ರಕಾರ ರಾಹುಕಾಲಕ್ಕೆ ಇನ್ನೂ ನಾಲ್ಕು ಗಂಟೆಯಿತ್ತು.

ಕಾರಿನಲ್ಲಿ ಸ್ಫೂರ್ತಿ ಏನೋ ಕೇಳಲು ಬಾಯಿ ತೆರೆದಳು. ಅಮ್ಮನ ಮುಖ ನೋಡಿ, ತಿನ್ನೋಕೆ ಏನಾದ್ರೂ ಇದೆಯಾ ಎಂದಳು.

ವೈಟ್‌ಫೀಲ್ಡಿನ ಹೊಲಿಗೆ ಕೇಂದ್ರದಲ್ಲಿ ಐದು ಬತ್ತಿಯ ದೀಪ. ಐವರು ಮುತ್ತೈದೆಯರ ಹೆಸರು ಕೂಗಿದರು, ಕಟ್ಟಡದ ಕಂಟ್ರಾಕ್ಟರನ ಅತ್ತೆಯೂ ಸೇರಿ. ಮಹಾದೇವಿ ಎದ್ದು ಹೋಗಿ ಸಂಘದ ಅಧ್ಯಕ್ಷರ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡರು. ಸಭೆ ಬೀಸಣಿಗೆ ಬೀಸುವುದನ್ನು ನಿಲ್ಲಿಸಿತು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿದ ಕೂಡಲೇ ಆರಿತು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟು, ಅದಕ್ಕೇ ಹಿರಿಯರು ಬೇಡ ಅನ್ನೋದು ಎಂದರು.

"ಮೊದ್ಲು ವೇದಿಕೆ ಮೇಲಿನ ಆ ಫ್ಯಾನ್ ಆಫ್ ಮಾಡಿ" ಎಂದರು ಮಹಾದೇವಿ.

ಮೂರನೆಯ ಕಡ್ಡಿಗೆ ಐದೂ ಬತ್ತಿ ಹೊತ್ತಿಕೊಂಡವು. ಸ್ಫೂರ್ತಿ ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ಹೊಡೆದ ಭರಕ್ಕೆ ಸಡಿಲ ಜಡೆ ಪೂರ್ತಿ ಬಿಚ್ಚಿಹೋಯಿತು.

ಸಂಜೆ ಮನೆ ತುಂಬ ನೆರೆಹೊರೆಯ ಹೆಂಗಸರು. ಪ್ರತಿ ವರ್ಷ ಸ್ಫೂರ್ತಿಗೆ ಆರತಿ ಎತ್ತುತ್ತಿದ್ದವರು ಎದುರು ಮನೆಯ ಪದ್ಮಾವತಿ. ದೀಪ ಹಚ್ಚಿದ ಸುದ್ದಿ ತಾಯಿ ಮಗಳಿಗಿಂತ ಮೊದಲೇ ಮನೆ ತಲುಪಿತ್ತು. ಪದ್ಮಾವತಿ ತಟ್ಟೆಯನ್ನು ತಂದು ಮಹಾದೇವಿಯವರ ಮುಂದೆಯೇ ಹಿಡಿದರು.

"ಈ ಸಲ ನೀವೇ ಎತ್ತಿ ಮಹಾದೇವಿ. ನಾವ್ಯಾರೂ ಏನೂ ಅನ್ಕೊಳ್ಳಲ್ಲ."

ಮಣೆಯ ಮೇಲೆ ಕೂತಿದ್ದ ಸ್ಫೂರ್ತಿಯ ಮುಖ ಅರಳಿತು. ಮಹಾದೇವಿ ಕೈ ಚಾಚಿದರು. ತಟ್ಟೆಯ ಅಂಚು ಬೆರಳಿಗೆ ತಾಗಿತು. ಊರಿನ ದೀಪಕ್ಕೆ ಹಿಂಜರಿಯದ ಕೈಯನ್ನು ಈಗ ಹಿಂದಕ್ಕೆ ಎಳೆದುಕೊಂಡರು. ಅವರಿಗೆ ಉಳಿದಿದ್ದವಳು ಇವಳೊಬ್ಬಳೇ.

"ಬೇಡ ಪದ್ಮಕ್ಕ. ಇವಳಿಗೆ ನನ್ನ ಕೈ ಬೇಡ. ನೀವೇ ಎತ್ತಿಬಿಡಿ" ಎಂದು ಹಿಂದೆ ಸರಿದು ಅಡುಗೆಮನೆಯ ಬಾಗಿಲಿಗೆ ಒರಗಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಫೂರ್ತಿ ಮಣೆಯಿಂದ ಎದ್ದು ಬಂದು ಅಮ್ಮನ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದಳು.

"ನಿನ್ನ ಕೈಯಿಂದ ನಂಗೆ ಏನಾಗುತ್ತಮ್ಮ?"