ಸಾವಕಾರರ ಕಾರಿನ ಡಮ್ಮಿ

ಗ್ಯಾರೇಜಿನಲ್ಲಿ ನಗು ಹುಟ್ಟಲು ಒಂದು ಹಳೇ ಕಾರು, ಅದರ ಮೇಲೆ ಜೀವ ಇಟ್ಟುಕೊಂಡ ಒಬ್ಬ ಮಾಲಕ ಇದ್ದರೆ ಸಾಕು. ಇಳಕಲ್ಲಿನ ನನ್ನ ಗ್ಯಾರೇಜಿಗೆ ಇವೆರಡೂ ಜೋಡಿಯಾಗಿಯೇ ಬರುತ್ತವೆ, ಹೆಚ್ಚಾಗಿ ಹಿಂದಿನಿಂದ ನಾಲ್ಕು ಜನ ದೂಡುತ್ತ.

೧. ಹುಕುಂ

ಸೀರೆ ವ್ಯಾಪಾರದ ಸಾವಕಾರರು ತಂದೆಯ ಕಾಲದ ಬಿಳಿ ಕಾರು ತಂದರು. ಇಂಜಿನ್ ಬ್ಲಾಕಿನ ಪಕ್ಕದ ತೂತುಗಳಿಗೆ ಬಟ್ಟಲಿನಂಥ ತಗಡಿನ ಬಿಲ್ಲೆ ಬಡಿದು ಕೂರಿಸಿರುತ್ತಾರೆ. ನಾವು ಅದಕ್ಕೆ ಡಮ್ಮಿ ಅನ್ನುತ್ತೇವೆ. ಈ ಕಾರಿನಲ್ಲಿ ಅಂಥದೊಂದು ತುಕ್ಕು ಹಿಡಿದು ನೀರು ಸೋರುತ್ತಿತ್ತು.

"ಇವತ್ತ ಆಗಬೇಕಪಾ. ಸಂಜಿಗೆ ಮನಿಯವರನ್ನ ಶಿವಯೋಗ ಮಂದಿರಕ್ಕ ಕರಕೊಂಡ ಹೋಗಬೇಕು. ಆಗಲಿಲ್ಲಂದ್ರ ಗಾಡಿ ಗುಜರಿಗೆ ಅಂತ ಆಕಿ ಹುಕುಂ ಮಾಡ್ಯಾಳ."

"ಗಾಡಿ ನಿಮ್ಮ ಹೆಸರಿಲೇ ಐತೆಲ್ರಿ, ಸಾವಕಾರ್ರ?"

"ಗಾಡಿ ನನ್ನ ಹೆಸರಿಲೇ ಐತಿ. ನಾ ಆಕಿ ಕೈಯಾಗ ಅದೇನಿ."

೨. ಹಳದಿ ನೀರು

ರೇಡಿಯೇಟರ್ ಖಾಲಿ ಮಾಡಿದರೆ ಹಳದಿ ನೀರು ಬಂತು. ಸಾವಕಾರರು ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಸೋರೂದು ನಿಲ್ಲಲಿ ಅಂತ ಅರಿಷಿಣ ಪುಡಿ ಹಾಕೇನಿ."

ಇದು ಹಳೇ ಡ್ರೈವರುಗಳ ಉಪಾಯ. ದಾರಿಯಲ್ಲಿ ಸೋರಿದರೆ ಒಂದು ಚಮಚೆ ಹಾಕಿ ಮುಂದಿನ ಊರು ಸೇರುತ್ತಾರೆ. ಇವರು ಅದನ್ನು ವ್ರತ ಹಿಡಿದವರ ಹಾಗೆ ವಾರಾವಾರಾ ಮುಷ್ಟಿಗಟ್ಟಲೆ ಹಾಕಿದ್ದರು.

"ಅವ್ವಾರಿಗೆ ಗೊತ್ತೈತೇನ್ರಿ?"

"ಏ, ಮೆತ್ತಗ ಮಾತಾಡಪಾ! ಅರಿಷಿಣದ ಡಬ್ಬಿ ಹೆಂಗ ಖಾಲಿ ಆಗ್ತೈತಿ ಅಂತ ಆಕಿ ಬಾಜೂಕ ಇಲಿಬೋನ ಇಟ್ಟಾಳ."

೩. ಕಲ್ಲಿನವನ ಕೈಚಳಕ

ಹಳೇ ಡಮ್ಮಿ ಕಿತ್ತು ಹೊಸದು ಕೂರಿಸಬೇಕು. ಹಳೇದರ ಒಂದೇ ಅಂಚಿಗೆ ಉಳಿ ಇಟ್ಟು ಹೊಡೆದರೆ ಅದು ಅಡ್ಡ ತಿರುಗುತ್ತದೆ. ಆಗ ಇಕ್ಕಳ ಹಾಕಿ ಎಳೆಯಬೇಕು. ಇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಚಹಾದಂಗಡಿಯವನು ಎಣ್ಣೆ ಬಿಡು ಅಂದ. ಬಿಟ್ಟೆ. ಎಣ್ಣೆ ನನ್ನ ಅಂಗಿಗೆ ಇಳಿಯಿತು.

ಅಷ್ಟರಲ್ಲಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವ ಗೆಳೆಯ ಬಂದ. "ಒಂದ ಕಡೆ ಯಾಕ ಹೊಡಿತೀಲೇ? ಸುತ್ತಲೂ ಸಮಾ ಬಡೀಬೇಕು" ಅನ್ನುತ್ತ ಸುತ್ತಿಗೆ ಕಸಿದುಕೊಂಡು, ಕಲ್ಲಿಗೆ ಬಡಿಯುವಂತೆ ಅಂಚಿನ ಸುತ್ತ ನಾಜೂಕಾಗಿ ಬಡಿದ. ಡಮ್ಮಿ ಸಮನಾಗಿಯೇ ಇನ್ನೂ ಒಳಗೆ ಹೋಯಿತು.

"ನೋಡು, ಹೆಂಗ ಗಟ್ಟಿ ಕುಂತತಿ!"

"ಅದನ್ನ ಹೊರಗ ತೆಗೀಬೇಕಾಗಿತ್ತಲೇ!"

"ಮೊದಲ ಹೇಳಬಾರದೇನು?"

೪. ಇಲಿ ಸಿಕ್ಕಿತು

ಸಂಜೆ ಸಾವಕಾರರ ಹೆಂಡತಿ ಅವ್ವಾರು ಹೊಸ ಸೀರೆಯುಟ್ಟು ಬಂದರು. ಹಿಂದೆಯೇ ಗುಜರಿಯವನು. ಸಾವಕಾರರ ಮುಖ ನೋಡಿ ಸುತ್ತಿಗೆ ಎತ್ತಿಕೊಂಡೆ. ಮತ್ತೆ ಉಳಿ ಹಿಡಿದೆ.

"ಯಾವ ಬಿಲ್ಲಿ ತಮ್ಮಾ, ನಮ್ಮನ್ನ ಇಷ್ಟ ಕಾಡಿಸಿದ್ದು?" ಅಂತ ಅವ್ವಾರು ಬಗ್ಗಿ ನೋಡುವುದಕ್ಕೂ ಡಮ್ಮಿ ಅಡ್ಡ ತಿರುಗುವುದಕ್ಕೂ ಸರಿಹೋಯಿತು. ಇಕ್ಕಳ ಹಾಕಿ ಎಳೆದೇಬಿಟ್ಟೆ. ಅರಿಸಿನದ ರಾಡಿ ಕಟ್ಟಿ ಬ್ಲಾಕಿನೊಳಗೇ ಉಳಿದಿದ್ದ ನೀರು ಭರ್ರನೆ ಚಿಮ್ಮಿ ಅವರ ಗಲ್ಲ, ಸೆರಗು ಎಲ್ಲ ಹಳದಿ. ಸಾವಕಾರರು ಕಾರಿನ ಹಿಂದೆ ಮಾಯವಾದರು.

ಅವ್ವಾರು ಗಲ್ಲ ಒರೆಸಿಕೊಂಡು ಬೆರಳು ಮೂಸಿದರು. ಕಾರಿನ ಹಿಂದೆ ಇಣುಕಿದರು.

"ಇಲಿ ಸಿಕ್ಕತು" ಅಂದರು.

ಗುಜರಿಯವನು ಮುಂದೆ ಬಂದು ಕೇಳಿದ, "ಅವ್ವಾರ, ಗಾಡಿ ಒಯ್ಯಲೇನ್ರಿ?"

ಅವ್ವಾರಿಗೆ ನಗು ತಡೆಯಲಾಗಲಿಲ್ಲ. "ಹೋಗೋ ನೀ! ವಾರಾ ತಪ್ಪದ ನಮ್ಮ ಮನಿ ಅರಿಷಿಣ ತಗೊಂಡ ಮುತ್ತೈದಿ ಇದು. ಮುತ್ತೈದಿನ್ನ ಯಾರರೆ ಗುಜರಿಗೆ ಹಾಕ್ತಾರೇನು?"