ಕಂಬ ಕಾಣದ ಜಾಗ

ನಮ್ಮ ಕಾಕಾನಿಗೆ ಕರೆಂಟಿನ ಕಂಬ ಕಂಡರೆ ಆಗುವುದಿಲ್ಲ. ಹಾವು ಕಂಡರೆ ಓಡುವವರು, ಹಲ್ಲಿ ಕಂಡರೆ ಕಿರುಚುವವರು ನಮ್ಮ ಮನೆತನದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಂಬ ಕಂಡರೆ ಮುಖ ತಿರುಗಿಸುವವರು ಇವರೊಬ್ಬರೇ. ಇರಲಿ, ಒಬ್ಬೊಬ್ಬರಿಗೆ ಒಂದೊಂದು ಎಂದು ನೀವು ಹೇಳಬಹುದು. ಆದರೆ ಈ ಮನುಷ್ಯ ತಮ್ಮ ಇಡೀ ಸರ್ವಿಸನ್ನು ಲೈನ್‌ಮನ್ ಆಗಿ ಕಂಬದ ಮೇಲೆಯೇ ಕಳೆದವರು!

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಮನೆ ಬನಹಟ್ಟಿಯ ನೇಕಾರರ ಓಣಿಯಲ್ಲಿ. ಎಡಕ್ಕೆ ಪವರ್‌ಲೂಮು, ಬಲಕ್ಕೆ ಪವರ್‌ಲೂಮು, ಎದುರಿಗೂ ಅದೇ. ಬೆಳಗಾದರೆ ಸಾಕು, ಖಟಕ್ ಖಟಕ್ ಶುರು. ಚಿಕ್ಕಂದಿನಲ್ಲಿ ಜಮಖಂಡಿಯಿಂದ ಶಾಲೆಯ ಸೂಟಿಗೆ ಹೋಗುತ್ತಿದ್ದ ನನಗೆ ಮೊದಲ ದಿನ ತಲೆ ಸಿಡಿಯುತ್ತಿತ್ತು. ಮರುದಿನದಿಂದ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಕೇಳಿಸುತ್ತಿದ್ದುದು ಅದು ನಿಂತಾಗ ಮಾತ್ರ. ಕರೆಂಟು ಹೋದೊಡನೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚುತ್ತಿದ್ದವು. ಒಂದು ಗಳಿಗೆ ಮೌನ. ಆಮೇಲೆ ಮನೆಮನೆಯಿಂದಲೂ ನಮ್ಮ ಕಾಕಾನ ಹೆಸರು, ಅದರ ಹಿಂದೆಮುಂದೆ ಇಲ್ಲಿ ಬರೆಯಲಾಗದ ಒಂದಿಷ್ಟು ವಿಶೇಷಣಗಳು.

ಕಾಕಾ ತುತ್ತು ಬಾಯಿಗೆ ಒಯ್ಯುವುದನ್ನೇ ಕಾಯ್ದುಕೊಂಡಿದ್ದು ಕರೆಂಟು ಹೋಗುತ್ತಿತ್ತೆಂದು ನನ್ನ ಅನುಮಾನ. ನಮ್ಮಕ್ಕನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವರು ಮಂಟಪದ ಒಳಗಿರಲಿಲ್ಲ, ಹಿಂದಿನ ಕಂಬದ ಮೇಲಿದ್ದರು. ಅಲ್ಲಿಂದಲೇ ಅಕ್ಷತೆ ಒಗೆದೆ, ನಿಮ್ಮೆಲ್ಲರಿಗಿಂತ ಮೇಲಿನಿಂದ ಆಶೀರ್ವಾದ ಮಾಡಿದವನು ನಾನೇ ಎಂದು ಇವತ್ತಿಗೂ ವಾದಿಸುತ್ತಾರೆ.

ಇಂಥವರು ನಿವೃತ್ತರಾದ ಮೇಲೆ ಏನು ಮಾಡಬೇಕು? ಕಟ್ಟೆಯ ಮೇಲೆ ಕುಳಿತು ಪೇಪರ್ ಓದಬೇಕು. ಕಾಕಾ ಒಂದು ಹಳೆಯ ಶಾಲಾ ವ್ಯಾನು ಕೊಂಡರು. ಸೀಟುಗಳನ್ನೆಲ್ಲ ಕಿತ್ತು ಹಾಕಿದರು. ಚಾವಣಿಯ ಮೇಲೆ ಸೋಲಾರ್ ಹಲಗೆಗಳನ್ನು ಕೂರಿಸಿದರು. ಒಳಗೊಂದು ಮಂಚ, ಮಂಚದ ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರ್. ಆಮೇಲೆ ಫ್ಯಾನು, ಪುಟ್ಟ ಫ್ರಿಜ್ಜು, ಮಿಕ್ಸಿ, ಅನ್ನದ ಕುಕ್ಕರು, ಇಂಡಕ್ಷನ್ ಒಲೆ, ಚಹಾಕ್ಕೊಂದು ಕೆಟಲು, ಇಸ್ತ್ರಿ ಪೆಟ್ಟಿಗೆ. ನಾನು ನೋಡಲು ಹೋದಾಗ ಅದು ವ್ಯಾನೋ ಮದುವೆಯಲ್ಲಿ ಬಂದ ಉಡುಗೊರೆಗಳ ಕೋಣೆಯೋ ತಿಳಿಯಲಿಲ್ಲ. ಹಿಂದಿನ ಬಾಗಿಲ ಮೇಲೆ ‘ನಿಧಾನ, ಒಳಗೆ ಮಕ್ಕಳಿದ್ದಾರೆ’ ಎಂಬ ಬರಹ ಹಾಗೇ ಇತ್ತು. ಅಳಿಸಬಾರದೇ ಎಂದು ಕೇಳಿದೆ. ನಾನು ಮತ್ತು ನಿಮ್ಮ ಕಾಕು ಇರುತ್ತೇವಲ್ಲ, ಸಾಲದೇ ಎಂದರು.

ಓಣಿಯಲ್ಲಿ ತರ್ಕಗಳು ಹುಟ್ಟಿಕೊಂಡವು. ಐಸ್‌ಕ್ರೀಮ್ ಮಾರುತ್ತಾರೆ ಎಂದರು ಕೆಲವರು. ಚುನಾವಣೆಗೆ ಬಾಡಿಗೆ ಬಿಡುತ್ತಾರೆ ಎಂದರು ಇನ್ನು ಕೆಲವರು. ಒಬ್ಬ ಅಜ್ಜಿಯಂತೂ ಕಣ್ಣು ತಪಾಸಣೆಯ ಗಾಡಿ ಎಂದೇ ನಂಬಿ ಒಳಗೆ ಹತ್ತಿ ಕುಳಿತುಬಿಟ್ಟರು. ಅವರಿಗೆ ನಿರಾಸೆ ಮಾಡುವುದು ಹೇಗೆಂದು ಕಾಕು ಚಹಾ ಮಾಡಿಕೊಟ್ಟರು. ಕುಡಿದಾದ ಮೇಲೆ ಅಜ್ಜಿ ಈಗ ಸ್ವಲ್ಪ ಛಲೋ ಕಾಣುತ್ತದೆ ಎಂದು ಹೇಳಿ ಇಳಿದು ಹೋದರಂತೆ.

ಗಾಡಿ ತಯಾರಾಯಿತು. ಎಲ್ಲಿಗೆ ಹೋಗುವುದು? ಕಾಕಾನದು ಒಂದೇ ಷರತ್ತು: ನಿಂತ ಜಾಗದಿಂದ ಸುತ್ತ ತಿರುಗಿ ನೋಡಿದರೆ ಕಣ್ಣಿಗೆ ಒಂದೂ ಕಂಬ ಬೀಳಬಾರದು. ಕೇಳಲು ಸುಲಭವಾಗಿದೆ. ನಮ್ಮ ಸೀಮೆಯಲ್ಲಿ ಹುಡುಕಿ ನೋಡಿ! ಕೃಷ್ಣೆಯ ನೀರು ಬಂದಲ್ಲೆಲ್ಲ ಕಬ್ಬು, ಕಬ್ಬು ಇದ್ದಲ್ಲೆಲ್ಲ ಪಂಪ್‌ಸೆಟ್ಟು, ಪಂಪ್‌ಸೆಟ್ಟು ಇದ್ದಲ್ಲೆಲ್ಲ ಕಂಬ. ಮೊದಲು ಹಿಪ್ಪರಗಿಯ ಕಡೆ ಹೋದರು. ನದಿ ಚೆನ್ನಾಗಿತ್ತು, ಕಂಬಗಳು ನದಿಗಿಂತ ಚೆನ್ನಾಗಿದ್ದವು. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ನಿಂತರು; ಅಲ್ಲಿಯೂ ಕಂಬ. ಮುಧೋಳದ ಕಡೆ ತಿರುಗಿದರು. ಅಲ್ಲಿ ಕಂಬಗಳು ಸಾಲಾಗಿ ನಿಂತು ಸ್ವಾಗತಿಸಿದವು. ಪ್ರತಿ ಸಲವೂ ಕಾಕಾ ಕೆಳಗಿಳಿದು, ಹಣೆಗೆ ಕೈ ಅಡ್ಡ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗಿ, ಮತ್ತೆ ಬಂದು ಸ್ಟೇರಿಂಗ್ ಹಿಡಿಯುತ್ತಿದ್ದರು. ಅವರು ನೆಲ ನೋಡುತ್ತಿದ್ದಾರೆಂದು ತಿಳಿದ ಒಬ್ಬ ರೈತ, ಈ ಹೊಲ ಮಾರಾಟಕ್ಕಿಲ್ಲ ಎಂದು ದೂರದಿಂದಲೇ ಕೂಗಿ ಹೇಳಿದನಂತೆ.

ಕೊನೆಗೆ ಬೀಳಗಿ ದಾಟಿ, ಹಿನ್ನೀರಿನ ಅಂಚಿನಲ್ಲಿ ಜಾಗ ಸಿಕ್ಕಿತು. ಹಿಂದೆ ಕಲ್ಲುಗುಡ್ಡ, ಆಚೀಚೆ ಜಾಲಿ ಗಿಡ, ಮುಂದೆ ಕಣ್ಣು ಹಾಯುವವರೆಗೂ ನೀರು. ಕಾಕಾ ಇಳಿದು ಒಂದು ಸುತ್ತು ತಿರುಗಿದರು. ನಂಬಿಕೆಯಾಗದೆ ಇನ್ನೊಂದು ಸುತ್ತು ತಿರುಗಿದರು. ಆಮೇಲೆ ನೆಲದ ಮೇಲೇ ಕುಳಿತುಬಿಟ್ಟರು ಎಂದು ಕಾಕು ಹೇಳುತ್ತಾರೆ.

ಆಮೇಲೆ ಅಲ್ಲಿಗೇ ಹೊರಟ ಒಂದು ಪ್ರವಾಸಕ್ಕೆ ನನ್ನನ್ನೂ ಕರೆದರು. ನಾನು ಪಾಠ ಹೇಳುವ ಶಾಲೆಗೆ ಸೂಟಿ ಬಿದ್ದಿತ್ತು, ಹೋದೆ. ಹೋಗಿ ನೋಡಿದರೆ ಏನು ಹೇಳಲಿ! ಇಡೀ ಊರಿನ ಬೈಗುಳ ತಿಂದ ಮನುಷ್ಯ ತಮ್ಮ ಸ್ವಂತ ವ್ಯಾನಿನಲ್ಲಿ ಲೋಡ್‌ಶೆಡ್ಡಿಂಗ್ ಜಾರಿ ಮಾಡಿದ್ದರು. ಅನ್ನದ ಕುಕ್ಕರಿಗೆ ಬಿಸಿಲೇರಿದ ಮೇಲೆ ಸರಬರಾಜು. ಮಿಕ್ಸಿಗೆ ಸೂರ್ಯ ನೆತ್ತಿಗೆ ಬಂದಾಗ. ಇಸ್ತ್ರಿ ಬೇಕೆಂದರೆ ಉಳಿದದ್ದೆಲ್ಲ ಬಂದ್. ಫ್ರಿಜ್ಜಿಗೆ ಮಾತ್ರ ಆಸ್ಪತ್ರೆಯಂತೆ ದಿನವಿಡೀ ವಿನಾಯಿತಿ. ನನ್ನ ಮೊಬೈಲು ಚಾರ್ಜಿಗೆ ಹಾಕಬೇಕೆಂದಾಗ ಎಷ್ಟು ಉಳಿದಿದೆ, ಯಾರಿಗೆ ಮಾತಾಡುವುದಿದೆ ಎಂದೆಲ್ಲ ವಿಚಾರಣೆಯಾಯಿತು. ಒಂದೊಂದು ಸಾಮಾನಿನ ಸ್ವಭಾವವೂ ಅವರಿಗೆ ಬಾಯಿಪಾಠ. ಮಿಕ್ಸಿ ಹಚ್ಚಿದ ಕೂಡಲೇ ಒಂದು ದೊಡ್ಡ ಗುಟುಕು ಎಳೆದು ಆಮೇಲೆ ಸಭ್ಯವಾಗುತ್ತದಂತೆ. ಇಸ್ತ್ರಿ ಹಾಗಲ್ಲ, ಬಾಯಿ ಹಚ್ಚಿದರೆ ಬಿಡುವುದೇ ಇಲ್ಲ. ಇಂಡಕ್ಷನ್ ಒಲೆಯಂತೂ ಬಂದ ಬೀಗರ ಹಾಗೆ, ಅದು ಉಣ್ಣುವಾಗ ಮನೆಯವರು ಉಪವಾಸ.

ಕಾಕು ಆ ಒಲೆಯನ್ನು ಮುಟ್ಟಿಯೂ ನೋಡಲಿಲ್ಲ. ಬೆಂಕಿ ಕಾಣದೆ ರೊಟ್ಟಿ ಉಬ್ಬುವುದಿಲ್ಲ ಎಂಬುದು ಅವರ ನಿಲುವು. ಹೊರಗೆ ಮೂರು ಕಲ್ಲಿಟ್ಟು, ಜಾಲಿ ಕಟ್ಟಿಗೆ ಹಚ್ಚಿ, ಎಂದಿನಂತೆ ರೊಟ್ಟಿ ಬಡಿದರು. ಅವರ ತಕರಾರಿದ್ದುದು ಮಿಕ್ಸಿಯ ಬಗ್ಗೆ.

“ಊರಿಗೆಲ್ಲಾ ಕರೆಂಟ್ ಕೊಟ್ಟಾರ,” ಎಂದರು ನನಗೆ. “ನನಗ ಶೇಂಗಾ ಚಟ್ನಿ ಮಾಡಾಕ ಟೈಮ್ ಹಾಕ್ಯಾರ ನೋಡವ್ವಾ.”

ಕಾಕಾನ ಕಣ್ಣು ಆಕಾಶದ ಮೇಲಿತ್ತು. ಒಂದು ಅಂಗೈ ಅಗಲದ ಮೋಡ ಬರುತ್ತಿತ್ತು. ಮೋಡ ಕಂಡರೆ ಜನ ಕೈಮುಗಿಯುವ ನಾಡಿನಲ್ಲಿ ಅದನ್ನು ಅಷ್ಟು ಸಿಟ್ಟಿನಿಂದ ನೋಡಿದವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ದಾರಿಯಲ್ಲಿ ಸಕ್ಕರೆ ಕಾರ್ಖಾನೆಯ ಕರಿ ಬೂದಿ ಹಲಗೆಗಳ ಮೇಲೆ ಕೂತಿತ್ತು. ಬೂದಿ ಕೂತರೆ ಬಿಸಿಲು ಒಳಗಿಳಿಯುವುದಿಲ್ಲವೆಂದು ಕಾಕಾ ಹಳೆಯ ಸೀರೆಯ ತುಂಡು ಹಿಡಿದು ಏಣಿ ಹತ್ತಿದರು. ಏಣಿ ಹಿಡಿಯಲು ನಾನು ಮುಂದಾದೆ. ಕಾಕು ಒಲೆಯ ಮುಂದಿನಿಂದ ಎದ್ದು ಬಂದು ನನ್ನನ್ನು ಬದಿಗೆ ಸರಿಸಿ ತಾವೇ ಹಿಡಿದರು. ಕಾಕಾ ಇಳಿಯುವತನಕ ಕೈ ಬಿಡಲಿಲ್ಲ. ತವೆಯ ಮೇಲಿನ ರೊಟ್ಟಿ ಕರಕಾಯಿತು.

ಮರುದಿನ ಬೆಳಿಗ್ಗೆ ಕಾಕಾ ಮತ್ತು ನಾನು ನೀರಿಗೆ ಕಾಲು ಬಿಟ್ಟುಕೊಂಡು ಕುಳಿತಿದ್ದೆವು. ದೂರದಲ್ಲಿ ಒಂದು ತೆಪ್ಪ ಹೋಗುತ್ತಿತ್ತು. ನನಗೆ ಬಹಳ ದಿನದಿಂದ ಇದ್ದ ಪ್ರಶ್ನೆಯನ್ನು ಕೇಳಿದೆ. ಮನೆಯಲ್ಲೇ ಇನ್ವರ್ಟರ್ ಹಾಕಿಸಿಕೊಂಡು ಹಾಯಾಗಿ ಇರಬಹುದಿತ್ತು. ಇಷ್ಟೆಲ್ಲ ಹೊತ್ತುಕೊಂಡು, ಕಂಬ ಇಲ್ಲದ ಕಡೆ ಹುಡುಕಿಕೊಂಡು ಬರುವುದೇಕೆ? ಜನರ ಬೈಗುಳ ಇನ್ನೂ ಕಿವಿಯಲ್ಲಿದೆಯೇ?

ಕಾಕಾ ಇಲ್ಲವೆಂದು ತಲೆ ಅಲ್ಲಾಡಿಸಿದರು. ಬೈದದ್ದು ಯಾವತ್ತೋ ಮರೆತಿದೆ ಎಂದರು. ಆಮೇಲೆ ನಿಧಾನಕ್ಕೆ ಹೇಳತೊಡಗಿದರು. ನಿವೃತ್ತಿಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕುಳಿತಿದ್ದಾಗ ಕರೆಂಟು ಹೋಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಎದ್ದು, ಅವರ ಮುಂದಿನಿಂದಲೇ ಹಾಯ್ದು ಹೋಗಿ, ಹೊಸ್ತಿಲಲ್ಲಿ ನಿಂತರು. ಕರೆಂಟು ಬರುವತನಕ ನಿಂತೇ ಇದ್ದರು. ಬಂದ ಮೇಲೆ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದರು. ಕಾಕಾ ಯಾಕೆಂದು ಕೇಳಿದರೆ ಏನಿಲ್ಲ ಎಂದರು. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ. ಕಾಕಾ ಬಿಡದೆ ಕೇಳಿದಾಗ ಕಾಕು ಒಮ್ಮೆ ಹೇಳಿದರಂತೆ.

“ಕರೆಂಟ್ ಹೋತಂದ್ರ ನಾ ಕಂಬದ ಮ್ಯಾಲ ಅದೇನಿ ಅಂತ ಆಕೀಗೆ ಗೊತ್ತಾಗ್ತಿತ್ತಂತ,” ಎಂದರು ಕಾಕಾ. “ಬಂತಂದ್ರ ಜೀವಂತ ಇಳದೆ ಅಂತ. ಇಡೀ ಸರ್ವಿಸ್ ಹಂಗ ನಿಂತಾಳ ಯವ್ವಾ, ಬಾಗಲದಾಗ. ನನಗ ಗೊತ್ತ ಇರಲಿಲ್ಲ. ನಾ ಮ್ಯಾಲ ಇರತಿದ್ನಲ್ಲ.”

ಕರೆಂಟು ಬಂದಾಗ ಓಣಿಯ ಹುಡುಗರೊಂದಿಗೆ ಸೇರಿ ನಾನೂ ಹೋ ಎಂದು ಕೂಗುತ್ತಿದ್ದೆ. ಆಗ ಕಾಕು ಎಲ್ಲಿರುತ್ತಿದ್ದರು, ಅವರ ಮುಖ ಹೇಗಿರುತ್ತಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಬೆಳಕು ಬಂದಾಗ ಯಾರು ಹೊಸ್ತಿಲ ಕಡೆ ನೋಡುತ್ತಾರೆ?

“ಈಗ ನಾ ಕಣ್ಮುಂದ ಕುಂತೇನಲ್ಲ, ಇನ್ಯಾಕ ಎದ್ದು ಹೋಗ್ತಿ ಅಂದೆ,” ಎಂದು ಕಾಕಾ ಮುಂದುವರಿಸಿದರು. “ನನಗ ಗೊತ್ತೈತ್ರಿ, ಕಾಲಿಗೆ ಗೊತ್ತಾಗವಲ್ದು ಅಂದ್ಳು.”

ಮನೆಗೆ ಇನ್ವರ್ಟರನ್ನೂ ಹಾಕಿಸಿದ್ದರಂತೆ. ಫ್ಯಾನು ನಿಲ್ಲಲಿಲ್ಲ, ದೀಪ ಆರಲಿಲ್ಲ. ಆದರೆ ಓಣಿಯ ಮಗ್ಗಗಳು ನಿಂತರೆ ಸಾಕು, ಆ ಮೌನಕ್ಕೇ ಕಾಕು ಎದ್ದು ಹೋಗುತ್ತಿದ್ದರು. ಓಣಿಗೆಲ್ಲ ಇನ್ವರ್ಟರ್ ಹಾಕಿಸಲು ಆಗುತ್ತದೆಯೇ? ಮಗ್ಗದ ಸದ್ದು ಕೇಳದ, ಕಂಬ ಕಾಣದ, ಬೆಳಕಿಗಾಗಿ ಯಾರೂ ಎಲ್ಲಿಗೂ ಹತ್ತಬೇಕಾಗದ ಜಾಗಕ್ಕೆ ಕರೆದುಕೊಂಡು ಹೋಗಬೇಕು ಎಂದು ಆಗಲೇ ಅನ್ನಿಸಿತಂತೆ. ಇದನ್ನು ಹೇಳಿ ಕಾಕಾ ಎದ್ದು, ಹಲಗೆಗಳ ಮೇಲೆ ಜಾಲಿಯ ನೆರಳು ಬಿದ್ದಿದೆಯೇನೋ ನೋಡುತ್ತೇನೆಂದು ಹೋಗಿಬಿಟ್ಟರು.

ಅವತ್ತು ಮಧ್ಯಾಹ್ನ ನಾವು ಮೂವರೂ ವ್ಯಾನಿನೊಳಗೆ ಇದ್ದೆವು. ಸೂರ್ಯ ನೆತ್ತಿಗೆ ಬಂದಿದ್ದ, ಮಿಕ್ಸಿಯ ಸರದಿ. ಕಾಕು ಮಂಚದ ಮೇಲೆ ಕುಳಿತು ಶೇಂಗಾ ಚಟ್ನಿ ತಿರುವುತ್ತಿದ್ದರು. ಫ್ರಿಜ್ಜು ಗುರುಗುಡುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಬೆಳಗಿನ ಮಾತಿನ ಗುಂಗಿನಲ್ಲೇ ಇದ್ದರೋ ಏನೋ, ನಿಯಮ ಮಾಡಿದ ಕಾಕಾನೇ ಚಹಾಕ್ಕೆಂದು ನೀರು ತುಂಬಿದ ಕೆಟಲಿನ ಸ್ವಿಚ್ಚು ಒತ್ತಿಬಿಟ್ಟರು. ಇನ್ವರ್ಟರ್ ಒಮ್ಮೆ ಕೀಂ ಎಂದು ಕಿರುಚಿತು. ಮಿಕ್ಸಿ ನಿಂತಿತು. ಫ್ರಿಜ್ಜು ನಿಂತಿತು. ಫ್ಯಾನು ನಿಧಾನವಾಗುತ್ತ ನಿಂತಿತು.

ಪೂರಾ ಮೌನ. ಹೊರಗೆ ದಂಡೆಗೆ ನೀರು ಬಡಿಯುವ ಸದ್ದಷ್ಟೆ.

ಕಾಕಾ ಕಾಕುವನ್ನು ನೋಡಿದರು. ನಾನೂ ನೋಡಿದೆ. ಬಾಗಿಲು ಅವರ ಕೈಯಳತೆಯಲ್ಲಿತ್ತು, ತೆರೆದೇ ಇತ್ತು. ಕಾಕು ಜಾರಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಬೆರಳಿನಿಂದ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡರು.

“ಉಪ್ಪು ಕಮ್ಮಿ ಆಗೇತಿ,” ಎಂದರು. ಕುಳಿತಲ್ಲಿಂದ ಏಳಲಿಲ್ಲ.

ಇನ್ವರ್ಟರಿನ ಸ್ವಿಚ್ಚು ಕಾಕಾನ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅವರು ಅದನ್ನು ಒತ್ತಲಿಲ್ಲ. ಉಪ್ಪಿನ ಡಬ್ಬಿ ತೆಗೆದುಕೊಟ್ಟು, ಹೆಂಡತಿಯ ಪಕ್ಕದಲ್ಲಿ ಮಂಚದ ಮೇಲೆ ಕುಳಿತರು. ಕರೆಂಟು ಇಲ್ಲದ ಆ ಸೆಕೆಯಲ್ಲಿ, ಬೆವರು ಒರೆಸಿಕೊಳ್ಳುತ್ತ, ಇಬ್ಬರೂ ತುಂಬಾ ಹೊತ್ತು ಹಾಗೇ ಕುಳಿತಿದ್ದರು.